ಹಿತ್ತಲ ಮದ್ದಿನ ಗಿಡಗಳು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಶ್ರೋತೃಗಳೆಲ್ಲರೂ ಬಲ್ಲರು. ಪಟ್ಟಣವಾಸಿಗಳಾದ ನಮಗೆ ಈಗ ಹಿತ್ತಲೇ ಅಪರೂಪ. ಆದರೂ ನಾಲ್ಕು ಕುಂಡಗಳಿಗೆ ಎಡೆಯುಂಟಷ್ಟೆ. ಮದ್ದಿನ ಗಿಡಗಳನ್ನು ಮನೆಯಲ್ಲಿ ಬೆಳೆಸಿದರೆ ಹಣವುಳಿಯುವುದು ಸಣ್ಣ ಲಾಭ. ಸೇವಿಸುವ ಗಿಡ ಇಂಥದೇ ಎಂದು ನಾವೇ ಅರಿತಿರುವುದು ದೊಡ್ಡ ಲಾಭ.

ಅಮೃತಬಳ್ಳಿಯ ಸಂಗತಿಯನ್ನೇ ನೋಡೋಣ. 2020ರ ಮಹಾಮಾರಿಯ ಕಾಲದಲ್ಲಿ ಅದರ ಕಷಾಯವು ಎಷ್ಟೋ ಮನೆಗಳಲ್ಲಿ ಕುದಿಯಿತು. ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಕೇಂದ್ರದ ಆಯುಷ್ ಸಚಿವಾಲಯವು ಇದನ್ನೊಪ್ಪದೆ, ಅದೇ ಜಾತಿಯ ಬೇರೊಂದು ಬಳ್ಳಿಯನ್ನು ಅಮೃತಬಳ್ಳಿಯೆಂದು ಭ್ರಮಿಸುವ ಸಂಭವವನ್ನು ತೋರಿಸಿತು. ನಿಜವಾದ ಬಳ್ಳಿಯೂ ಕೆಲವರಿಗೆ ಒಗ್ಗದೆಂದು ಅನಂತರದ ವರದಿಗಳು ಸೂಚಿಸಿದುವು. ಆದುದರಿಂದ ಗುರುತು ಮೊದಲು. ವೈದ್ಯರ ಮಾತು ಕೇಳದೆ ದಿನವೂ ಕುಡಿಯುವುದಂತೂ ಬೇಡ. ನಿಜವಾದ ಅಮೃತಬಳ್ಳಿಯ ಕಾಂಡದ ಮೇಲೆ ಗಂಟುಗಂಟಾದ ಗುಳ್ಳೆಗಳಿಲ್ಲ, ಮುರಿದರೆ ಹಾಲು ಒಸರುವುದಿಲ್ಲ. ಇನ್ನೊಂದರಲ್ಲಿ ಇವೆರಡೂ ಉಂಟು.

ಇನ್ನು ಬೆಳೆಸುವ ಬಗೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಬೀಡಿಯೆಂಬ ಊರಿದೆ. (ಸೇದುವ ಬೀಡಿಗೂ ಈ ಊರಿಗೂ ನಾವು ನಂಟು ಕಲ್ಪಿಸಬೇಕಾಗಿಲ್ಲ.) ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆ ಅತಿ, ಮೂಡಲಿಗೆ ಸರಿದಂತೆ ಬಯಲುಸೀಮೆ. ಇಂಥ ನಡುಸೀಮೆಯ ಹಿತ್ತಲಲ್ಲಿ ಎಡೆಯರಿತು ನೆಟ್ಟರೆ, ನೀರನ್ನು ಬೇಡುವ ಗಿಡವೂ ನೀರನ್ನೊಲ್ಲದ ಗಿಡವೂ ಕೂಡಿಯೇ ಬಾಳುತ್ತವೆ. ಬಚ್ಚಲ ನೀರು ಹರಿಯುವ ನೆರಳಿನೆಡೆಯಲ್ಲಿ ಒಂದೆಲಗ ತಾನಾಗಿ ಹಬ್ಬುವುದು. ಲೋಳೆಸರಕ್ಕೆ ಎತ್ತರದ ಏರಿ ಬೇಕು. ಆಷಾಢದ ಮಳೆಯಲ್ಲಿ ಬುಡದಲ್ಲಿ ನೀರು ನಿಂತರೆ ಅದು ಕೊಳೆಯುವುದು. ಅಮೃತಬಳ್ಳಿಯದು ಸುಲಭ: ಬೆರಳು ಗಾತ್ರದ ಕಾಂಡದ ತುಂಡನ್ನು ಮೃಗಶಿರಾ ಮಳೆಯ ಹೊತ್ತಿಗೆ ಬೇವಿನ ಬುಡದಲ್ಲಿ ಊರಿದರಾಯಿತು. ತುಂಡು ಸಾಲುವಾಗ ಕಾಡಿನ ಬಳ್ಳಿಯನ್ನು ಬೇರುಸಹಿತ ಕೀಳುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಬೇಲಿಗೆ ಆಡುಸೋಗೆಗಿಂತ ಉತ್ತಮವಾದುದು ವಿರಳ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಮಾತಿಗೆ ಇದೊಂದು ಅಪವಾದ. ಇದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಸತ್ತ್ವದ ಜಾಡು ಹಿಡಿದೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧ ಸಿದ್ಧವಾಯಿತು. ಆದರೆ ಗರ್ಭಿಣಿಯರು ಇದನ್ನು ಸೇವಿಸಬಾರದು.

ಹೆಸರುಗಳ ತೊಡಕು ಇಲ್ಲಿಗೇ ಮುಗಿಯದು. ಬ್ರಾಹ್ಮಿಯೆಂದು ಕೇಳಿದರೆ ಒಬ್ಬರು ದುಂಡನೆಯ ಎಲೆಯ ಒಂದೆಲಗವನ್ನು ಕೊಡುವರು, ಮತ್ತೊಬ್ಬರು ಸಣ್ಣ ದಪ್ಪ ಎಲೆಗಳ ನೀರುಬ್ರಾಹ್ಮಿಯನ್ನು. ಎರಡರ ಕುಟುಂಬವೂ ಬೇರೆ, ಸತ್ತ್ವವೂ ಬೇರೆ. ಸಂದೇಹ ಬಂದಾಗ ಬೆಳಗಾವಿಯವರು ಕೇಳಿ ತಿಳಿಯಲು ಆ ನಗರದಲ್ಲಿಯೇ 1933ರಲ್ಲಿ ಸ್ಥಾಪಿತವಾದ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯವುಂಟು. ಹೋಗುವಾಗ ಹೂವು, ಕಾಯಿಗಳಿರುವ ರೆಂಬೆಯೊಂದನ್ನು ಹಳೆಯ ಕಾಗದದ ನಡುವೆ ಒತ್ತಿ ಒಣಗಿಸಿ ಒಯ್ಯಬೇಕು. ಬರಿಯ ಎಲೆಯಿಂದ ನಿರ್ಣಯಿಸುವುದು ಬಲ್ಲವರಿಗೂ ಕಷ್ಟ.