ಡೆತ್ ವ್ಯಾಲಿಗೆ ಒಂದೇ ದಿನ: ಹೊತ್ತಿನ ಲೆಕ್ಕ, ಎತ್ತರದ ಲೆಕ್ಕ

ಲಾಸ್ ವೇಗಸ್‌ನಿಂದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ನಡುಭಾಗಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ನಸುಕಿನಲ್ಲಿ ಹೊರಟರೆ ರಾತ್ರಿ ಊಟದ ಹೊತ್ತಿಗೆ ಹೋಟೆಲಿಗೆ ಮರಳಬಹುದು. ಸಮ್ಮೇಳನಕ್ಕೆಂದು ವೇಗಸ್‌ಗೆ ಬಂದು ಒಂದು ದಿನ ಉಳಿಸಿಕೊಂಡವರು, ಕ್ಯಾಲಿಫೋರ್ನಿಯಾದ ಮಕ್ಕಳ ಮನೆಗೆ ಬಂದಿರುವ ಅಪ್ಪ-ಅಮ್ಮನನ್ನು ಸುತ್ತಾಡಿಸುವವರು, ಎಲ್ಲರ ಕಣ್ಣೂ ಇದರ ಮೇಲೆ ಬೀಳುವುದು ಅದಕ್ಕೇ. ಯೋಜನೆ ಎಂದು ಕುಳಿತರೆ ಸಾಮಾನ್ಯವಾಗಿ ಸಿದ್ಧವಾಗುವುದು ನೋಡಬೇಕಾದ ಜಾಗಗಳ ಪಟ್ಟಿ, ಅದರ ಪಕ್ಕದಲ್ಲಿ ಮೈಲಿಗಳು. ಅಷ್ಟಕ್ಕೆ ಅರ್ಧ ಕೆಲಸ ಮುಗಿಯುತ್ತದೆ. ಯಾವ ಹೊತ್ತಿಗೆ ಯಾವ ಎತ್ತರದಲ್ಲಿ ಇರುತ್ತೀರಿ ಎಂಬುದು ಉಳಿದರ್ಧ.

ಎತ್ತರ ಏಕೆ ಮುಖ್ಯ

ಈ ಉದ್ಯಾನದ ಬ್ಯಾಡ್‌ವಾಟರ್ ಉಪ್ಪಿನ ಬಯಲು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಉತ್ತರ ಅಮೆರಿಕದ ಅತ್ಯಂತ ತಗ್ಗಿನ ಜಾಗ ಅದೇ. ಅದರ ನೆತ್ತಿಯ ಮೇಲೆಯೇ ಎಂಬಂತೆ ನಿಂತಿರುವ ಡಾಂಟೆಸ್ ವ್ಯೂ 1,669 ಮೀಟರ್ ಎತ್ತರದಲ್ಲಿದೆ. ಮೇಲಿಂದ ಬಗ್ಗಿ ನೋಡಿದರೆ ಕೆಳಗಿನ ಬಿಳಿ ಬಯಲು ಕಾಲಡಿಯಲ್ಲೇ ಕಾಣುತ್ತದೆ. ಆದರೆ ಎರಡರ ನಡುವೆ ತಾಪಮಾನದಲ್ಲಿ ಹತ್ತು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ವ್ಯತ್ಯಾಸ ಇರುವುದು ಸಾಮಾನ್ಯ. ಜನವರಿಯ ಬೆಳಿಗ್ಗೆ ಮೇಲೆ ಸ್ವೆಟರ್, ಟೊಪ್ಪಿ ಬೇಕು. ಅದೇ ಮಧ್ಯಾಹ್ನ ಕೆಳಗೆ ಅಂಗಿಯ ತೋಳು ಮಡಚಬೇಕು.

ಕಣಿವೆ ಇಷ್ಟು ಒಣಗಿರುವುದಕ್ಕೆ ಪಶ್ಚಿಮದ ಬೆಟ್ಟಗಳು ಕಾರಣ. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳು ಮೊದಲು ಸಿಯೆರಾ ನೆವಾಡಾ ಏರಬೇಕು, ಆಮೇಲೆ ಇನ್ನೂ ಕೆಲವು ಸಾಲು, ಕೊನೆಗೆ ಪ್ಯಾನಮಿಂಟ್ ಶ್ರೇಣಿ. ಪಶ್ಚಿಮಘಟ್ಟದಲ್ಲಿ ಸುರಿದು ಬರಿದಾದ ಮೋಡ ಚಳ್ಳಕೆರೆಯ ಆಕಾಶಕ್ಕೆ ಬರುವಂತೆಯೇ ಇದು. ಇಲ್ಲಿ ಮಾತ್ರ ಒಂದರ ಹಿಂದೊಂದು ಹಲವು ಘಟ್ಟಗಳು. ಕಣಿವೆಯ ತಳಕ್ಕೆ ವರ್ಷಕ್ಕೆ ಸಿಗುವ ಮಳೆ ಸುಮಾರು 50 ಮಿಲಿಮೀಟರ್.

ಶಾಖಕ್ಕೆ ಕಣಿವೆಯ ಆಕಾರವೂ ಸೇರಿಕೊಳ್ಳುತ್ತದೆ. ಗಿಡಮರವಿಲ್ಲದ ನೆಲ ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಬಿಸಿಗಾಳಿ ಮೇಲೇರಿ ಕಡಿದಾದ ಗೋಡೆಗಳ ನಡುವೆ ಸ್ವಲ್ಪ ತಣ್ಣಗಾಗಿ ಮತ್ತೆ ತಗ್ಗಿಗೇ ಇಳಿಯುತ್ತದೆ. ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಕಾಯುತ್ತದೆ. 1913ರ ಜುಲೈ 10ರಂದು ಇಲ್ಲಿನ ಫರ್ನೆಸ್ ಕ್ರೀಕ್‌ನಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ವಿಶ್ವದಾಖಲೆಯಾಗಿ ಪುಸ್ತಕದಲ್ಲಿದೆ. ಆ ಹಳೆಯ ಅಳತೆಯನ್ನು ಅನುಮಾನಿಸುವ ಹವಾಮಾನ ತಜ್ಞರಿದ್ದಾರೆ. ಆದರೆ 2020 ಮತ್ತು 2021ರ ಬೇಸಿಗೆಗಳಲ್ಲೂ ಅದೇ ಜಾಗದಲ್ಲಿ ಪಾದರಸ 54 ಡಿಗ್ರಿ ದಾಟಿತ್ತು. 1972ರ ಜುಲೈನಲ್ಲಿ ನೆಲದ ಮೇಲ್ಮೈಯೇ 93.9 ಡಿಗ್ರಿ ಕಾದಿತ್ತು. ನೀರು ಕುದಿಯಲು ಅಲ್ಲಿಂದ ಆರೇ ಡಿಗ್ರಿ ಬಾಕಿ.

ಯಾವ ತಿಂಗಳು

ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವುದು ಸುಖ. ಡಿಸೆಂಬರಿನಲ್ಲಿ ಹವೆ ಹಿತ, ಆದರೆ ಸಂಜೆ ನಾಲ್ಕೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮಾರ್ಚ್ ಎರಡನೆಯ ಭಾನುವಾರ ಅಮೆರಿಕದ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋಗುವುದರಿಂದ ಆ ಬಳಿಕ ಸಂಜೆಯ ಬೆಳಕು ಏಳರ ಹತ್ತಿರದವರೆಗೂ ಸಿಗುತ್ತದೆ. ಒಂದೇ ದಿನದ ಪ್ರವಾಸಕ್ಕೆ ಫೆಬ್ರುವರಿ ಕೊನೆ ಮತ್ತು ಮಾರ್ಚ್ ಎಲ್ಲಕ್ಕಿಂತ ಅನುಕೂಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವುದಾದರೆ ಕಾರಿನಿಂದ ಹೆಚ್ಚು ದೂರ ಹೋಗಬೇಡಿ. ಬೆಳಿಗ್ಗೆ ಹತ್ತರ ನಂತರ ತಗ್ಗಿನಲ್ಲಿ ನಡೆಯಬಾರದೆಂದು ಉದ್ಯಾನದವರೇ ಎಚ್ಚರಿಸುತ್ತಾರೆ. ಆಗ ಯಾರಾದರೂ ಕುಸಿದುಬಿದ್ದರೆ ಹೆಲಿಕಾಪ್ಟರ್ ಬರುತ್ತದೆ ಎಂಬ ಧೈರ್ಯವೂ ಬೇಡ. ಗಾಳಿ ಕಾದಷ್ಟೂ ತೆಳುವಾಗುತ್ತದೆ, ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಸಾಲದು. 2024ರ ಜುಲೈನಲ್ಲಿ ಶಾಖಕ್ಕೆ ಸಿಕ್ಕಿದ ಮೋಟರ್‌ಸೈಕಲ್ ಸವಾರರ ನೆರವಿಗೆ ವೈದ್ಯಕೀಯ ಹೆಲಿಕಾಪ್ಟರ್ ಹಾರಲಾಗಲಿಲ್ಲ; ಅವರಲ್ಲಿ ಒಬ್ಬರು ತೀರಿಕೊಂಡರು.

ಮಳೆ ಕಡಿಮೆ ಎಂದು ಪ್ರವಾಹವನ್ನು ಮರೆಯುವಂತಿಲ್ಲ. ನೀರು ಹೀರದ ಗಟ್ಟಿ ನೆಲದ ಮೇಲೆ ಸಣ್ಣ ಮಳೆಯೂ ಹೊಳೆಯಾಗುತ್ತದೆ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಶೇಷ ಒಂದೇ ದಿನ ಸುಮಾರು 56 ಮಿಲಿಮೀಟರ್ ಮಳೆ ಸುರಿಸಿತು. ಅಂದರೆ ಒಂದು ವರ್ಷದ ಪಾಲಿಗಿಂತ ಹೆಚ್ಚು. ರಸ್ತೆಗಳು ಕೊಚ್ಚಿಹೋಗಿ ಉದ್ಯಾನ ಎರಡು ತಿಂಗಳ ಹತ್ತಿರ ಮುಚ್ಚಿತ್ತು. ಬ್ಯಾಡ್‌ವಾಟರ್ ಬಯಲಿನಲ್ಲಿ ಕೆರೆ ನಿಂತು ಮುಂದಿನ ವರ್ಷದವರೆಗೂ ಉಳಿಯಿತು. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ರಸ್ತೆಗಳ ಸ್ಥಿತಿ ನೋಡುವುದನ್ನು ತಪ್ಪಿಸಬೇಡಿ. ಪ್ರವಾಹದಿಂದಲೋ ರಿಪೇರಿಯಿಂದಲೋ ಒಂದಲ್ಲ ಒಂದು ಜಾಗ ಮುಚ್ಚಿರುವುದು ಇಲ್ಲಿ ಮಾಮೂಲು.

ಸುತ್ತು ದಾರಿ, ಗಂಟೆ ಸಹಿತ

ಹೋದ ದಾರಿಯಲ್ಲೇ ಬರುವ ಬದಲು ಒಂದು ಸುತ್ತು ಹಾಕಬಹುದು: ಪರಂಪ್ ಊರಿನ ಮೇಲೆ ಒಳಕ್ಕೆ, ಬೇಟಿ ಊರಿನ ಮೇಲೆ ಹೊರಕ್ಕೆ. ಒಟ್ಟು ಸುಮಾರು 350 ಮೈಲಿ, ಅಂದರೆ 560 ಕಿಲೋಮೀಟರ್. ಚಾಲನೆಯೇ ಏಳೂವರೆ ಗಂಟೆ. ಕೆಳಗಿನದು ಫೆಬ್ರುವರಿಯ ಒಂದು ದಿನದ ಲೆಕ್ಕ.

ಬೆಳಿಗ್ಗೆ 5.30: ವೇಗಸ್ ಬಿಡುವುದು. ಒಂದು ಗಂಟೆಯಲ್ಲಿ ಪರಂಪ್. ಅಲ್ಲಿ ಟ್ಯಾಂಕ್ ತುಂಬಿಸಿ, ನೀರು ಕೊಳ್ಳಿ, ಶೌಚಾಲಯ ಮುಗಿಸಿ.

8.00: ಡಾಂಟೆಸ್ ವ್ಯೂ. ಹೆದ್ದಾರಿ 190ರಿಂದ ಎಡಕ್ಕೆ 13 ಮೈಲಿ ಏರು. ಕೊನೆಯ ಕಾಲು ಮೈಲಿ ತುಂಬ ಕಡಿದು; 25 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವಿಲ್ಲ. ಮುಂಜಾನೆ ಸೂರ್ಯ ಬೆನ್ನ ಹಿಂದಿರುವುದರಿಂದ ಎದುರಿನ ಪ್ಯಾನಮಿಂಟ್ ಬೆಟ್ಟಗಳೂ ಕೆಳಗಿನ ಬಯಲೂ ಸ್ಪಷ್ಟವಾಗಿ ಕಾಣುತ್ತವೆ. ಸಂಜೆ ಬಂದರೆ ಬಿಸಿಲು ನೇರ ಕಣ್ಣಿಗೆ.

9.15: ಜಬ್ರಿಸ್ಕಿ ಪಾಯಿಂಟ್. ಬಹಳ ಹಿಂದೆ ಬತ್ತಿಹೋದ ಕೆರೆಯೊಂದರ ತಳದ ಕೆಸರು ಗಟ್ಟಿಯಾಗಿ, ನೀರಿನಿಂದ ಕೊರೆದು, ಹೊಂಬಣ್ಣದ ಮಡಿಕೆಗಳಾಗಿ ನಿಂತಿದೆ. ಬೊರಾಕ್ಸ್ ಕಂಪನಿಯೊಂದರ ಅಧಿಕಾರಿಯಾಗಿದ್ದ ಕ್ರಿಶ್ಚಿಯನ್ ಜಬ್ರಿಸ್ಕಿಯ ಹೆಸರು ಇದಕ್ಕೆ ಬಂತು. ನಿಲ್ದಾಣದಿಂದ ಐದು ನಿಮಿಷದ ಏರು, ವಯಸ್ಸಾದವರಿಗೂ ಸಾಧ್ಯ.

10.00: ಫರ್ನೆಸ್ ಕ್ರೀಕ್. ಇಲ್ಲಿ ಸಂದರ್ಶಕರ ಕೇಂದ್ರವಿದೆ. ಪ್ರವೇಶ ಶುಲ್ಕ ಕಾರೊಂದಕ್ಕೆ 30 ಡಾಲರ್, ಏಳು ದಿನ ನಡೆಯುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. ಅಂದಿನ ರಸ್ತೆಗಳ ವಿಚಾರವನ್ನು ರೇಂಜರ್‌ಗಳ ಬಾಯಿಂದಲೇ ಕೇಳಿಕೊಳ್ಳಿ. ಟಿಂಬಿಷಾ ಶೋಶೋನಿ ಜನರ ಊರೂ ಇಲ್ಲೇ ಇದೆ. 1849ರಲ್ಲಿ ಚಿನ್ನ ಹುಡುಕಿ ಹೊರಟು ದಾರಿ ತಪ್ಪಿದ ಬಿಳಿಯರು ಕಣಿವೆಗೆ ಸಾವಿನ ಹೆಸರಿಡುವ ಎಷ್ಟೋ ಮೊದಲಿಂದ ಈ ಜನ ಇಲ್ಲಿ ಬಾಳಿದ್ದಾರೆ. 2000ದಲ್ಲಿ ಕಾಯ್ದೆಯೊಂದು ಅವರ ನೆಲದ ಒಂದು ಭಾಗವನ್ನು ಅವರಿಗೆ ಮರಳಿಸಿತು.

11.00: ಬ್ಯಾಡ್‌ವಾಟರ್. ಫರ್ನೆಸ್ ಕ್ರೀಕ್‌ನಿಂದ ದಕ್ಷಿಣಕ್ಕೆ ಅರ್ಧ ಗಂಟೆ. ಕಾರಿನಿಂದ ಇಳಿದು ಹಿಂದಿನ ಬೆಟ್ಟದತ್ತ ತಲೆಯೆತ್ತಿದರೆ ಸಮುದ್ರಮಟ್ಟ ಎಲ್ಲಿದೆ ಎಂದು ತೋರಿಸುವ ಫಲಕ ಬಂಡೆಯ ಮೇಲೆ ಕಾಣುತ್ತದೆ. ನೀರು ಆವಿಯಾಗುತ್ತ ಉಳಿದ ಉಪ್ಪು ಒತ್ತರಿಸಿ ಎದ್ದು ಬಹುಭುಜದ ಚಿತ್ತಾರ ಮೂಡಿರುತ್ತದೆ. ಅಂಚಿನಲ್ಲಿ ಜನರ ಹೆಜ್ಜೆಯಿಂದ ಅದು ಸವೆದಿದೆ. ಚೆನ್ನಾಗಿ ನೋಡಬೇಕಾದರೆ ಕಾಲು ಗಂಟೆಯಾದರೂ ಒಳಕ್ಕೆ ನಡೆಯಬೇಕು. ಬಿಸಿಲಿನಲ್ಲಿ ಅಷ್ಟೇ ದೂರ ವಾಪಸ್ಸು ಬರಬೇಕೆಂಬುದೂ ನೆನಪಿರಲಿ.

12.15: ಆರ್ಟಿಸ್ಟ್ಸ್ ಡ್ರೈವ್. ಒಂಬತ್ತು ಮೈಲಿಯ ಏಕಮುಖ ರಸ್ತೆ, ದಕ್ಷಿಣದಿಂದ ಉತ್ತರಕ್ಕೆ. ಹಾಗಾಗಿ ಬ್ಯಾಡ್‌ವಾಟರ್‌ನಿಂದ ಹಿಂತಿರುಗುವಾಗಲೇ ಇದಕ್ಕೆ ಹೊರಳಬೇಕು. ಜ್ವಾಲಾಮುಖಿಯ ಬೂದಿಯಲ್ಲಿದ್ದ ಕಬ್ಬಿಣ, ಮ್ಯಾಂಗನೀಸ್ ಮುಂತಾದ ಲೋಹಗಳು ಗಾಳಿಯೊಂದಿಗೆ ಬೆರೆತು ಕೆಂಪು, ಹಳದಿ, ನೇರಳೆ ಬಣ್ಣಗಳಾಗಿವೆ. ಇಲ್ಲೂ 25 ಅಡಿಯ ಮಿತಿ ಇದೆ.

1.15: ಫರ್ನೆಸ್ ಕ್ರೀಕ್‌ನಲ್ಲಿ ಊಟ, ನೆರಳಿನಲ್ಲಿ ವಿಶ್ರಾಂತಿ.

3.30: ಮೆಸ್ಕೀಟ್ ಫ್ಲ್ಯಾಟ್ ಮರಳುದಿಬ್ಬಗಳು. ಫರ್ನೆಸ್ ಕ್ರೀಕ್‌ನಿಂದ ಉತ್ತರಕ್ಕೆ ಮುಕ್ಕಾಲು ಗಂಟೆಯೊಳಗಿನ ದಾರಿ. ದಿಬ್ಬಗಳನ್ನು ನೋಡಲು ನಡುಹಗಲು ತೀರ ನಿಷ್ಪ್ರಯೋಜಕ: ನೆರಳಿಲ್ಲದೆ ಎಲ್ಲ ಚಪ್ಪಟೆ ಕಾಣುತ್ತದೆ. ಓರೆ ಬಿಸಿಲು ಬಿದ್ದಾಗ ಅಲೆಗಳ ಅಂಚುಗಳು ಎದ್ದು ನಿಲ್ಲುತ್ತವೆ.

5.00: ಡೇಲೈಟ್ ಪಾಸ್ ಏರಿ ಬೇಟಿಯತ್ತ. ಬೆಳಕು ಮಿಕ್ಕಿದ್ದರೆ ದಾರಿಯಲ್ಲಿ ರಯೊಲೈಟ್ ನೋಡಿ. 1904ರಲ್ಲಿ ಚಿನ್ನ ಸಿಕ್ಕಿ ಹುಟ್ಟಿ, ಒಂದೆರಡು ದಶಕದೊಳಗೆ ಪಾಳುಬಿದ್ದ ಊರು ಅದು. ಮೂರು ಅಂತಸ್ತಿನ ಬ್ಯಾಂಕಿನ ಗೋಡೆಗಳು ಇನ್ನೂ ನಿಂತಿವೆ. ಬೇಟಿಯಿಂದ ಹೆದ್ದಾರಿ 95ರಲ್ಲಿ ವೇಗಸ್‌ಗೆ ಎರಡು ಗಂಟೆ. ಈ ಭಾಗದಲ್ಲಿ ಕಾಡುಕತ್ತೆಗಳು ರಾತ್ರಿ ರಸ್ತೆಗೆ ಬರುತ್ತವೆ, ವೇಗ ಹಿಡಿತದಲ್ಲಿರಲಿ.

ಈ ಕ್ರಮದಲ್ಲಿ ಮುಂಜಾನೆಯ ಚಳಿ ಎತ್ತರದಲ್ಲಿ ಕಳೆಯುತ್ತದೆ, ತಗ್ಗಿನ ನಡಿಗೆ ಮಧ್ಯಾಹ್ನದ ಮೊದಲೇ ಮುಗಿಯುತ್ತದೆ, ಉರಿಬಿಸಿಲು ಕಾರಿನಲ್ಲೂ ಊಟದ ಮೇಜಿನಲ್ಲೂ ಸರಿಯುತ್ತದೆ. ಏಪ್ರಿಲ್ ಅಥವಾ ಅಕ್ಟೋಬರಿನಲ್ಲಿ ಬಿಸಿಲು ಚುರುಕಾಗಿದ್ದರೆ ಡಾಂಟೆಸ್ ವ್ಯೂ ಪಕ್ಕಕ್ಕಿಟ್ಟು ನೇರ ಬ್ಯಾಡ್‌ವಾಟರ್‌ಗೆ ಇಳಿಯಿರಿ. ಎಂಟು ಗಂಟೆಗೆ ಅಲ್ಲಿ ನಡೆದು ಮುಗಿಸಿ, ನಡುಹಗಲಿಗೆ ತಂಪು ಹುಡುಕಿ ಮೇಲೇರಿ.

ಕಾರು, ನೀರು, ಫೋನು

ಭಾರತದ ಪರವಾನಗಿ ಇರುವವರು ಊರಿನಿಂದ ಹೊರಡುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡರೆ ಬಾಡಿಗೆ ಕಾರಿನ ಕೌಂಟರಿನಲ್ಲಿ ವಾದ ತಪ್ಪುತ್ತದೆ. ಬಾಡಿಗೆ ಕರಾರುಗಳು ಸಾಮಾನ್ಯವಾಗಿ ಡಾಂಬರಿಲ್ಲದ ರಸ್ತೆಗೆ ಕಾರು ಒಯ್ಯಬಾರದು ಎನ್ನುತ್ತವೆ. ಮೇಲಿನ ಸುತ್ತಿಗೆ ಡಾಂಬರು ರಸ್ತೆಯೇ ಸಾಕು.

ಪೆಟ್ರೋಲು ಉದ್ಯಾನದೊಳಗೂ ಸಿಗುತ್ತದೆ, ಆದರೆ ಬೆಲೆ ಕಣ್ಣು ಕುಕ್ಕುತ್ತದೆ. ಪರಂಪ್‌ನಲ್ಲಿ ತುಂಬಿಸಿದರೆ ಬೇಟಿಯವರೆಗೆ ಸಾಲುತ್ತದೆ. ವಿದ್ಯುತ್ ಕಾರಿನವರೂ ಇವೆರಡು ಊರುಗಳನ್ನೇ ನೆಚ್ಚಬೇಕು. ಏರುದಾರಿಗಳು ಬ್ಯಾಟರಿಯನ್ನು ಬೇಗ ಕುಡಿಯುತ್ತವೆ ಎಂದು ಹೆಚ್ಚುವರಿ ಲೆಕ್ಕ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ಉದ್ದ ಏರು ಬಂದಾಗ ಎಂಜಿನ್ನಿನ ತಾಪದ ಮುಳ್ಳು ಮೇಲೆ ಹೋಗತೊಡಗಿದರೆ ಎಸಿ ಆರಿಸಿ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಹೋಗದೆ ಕೆಳಗಿನ ಗೇರಿಗೆ ಬನ್ನಿ.

ನೀರು ತಲೆಗೆ ನಾಲ್ಕು ಲೀಟರ್, ಅದರ ಮೇಲೆ ಕಾರಿನಲ್ಲಿ ಇನ್ನೊಂದಿಷ್ಟು. ಇಲ್ಲಿ ಬೆವರು ಚರ್ಮದ ಮೇಲೆ ನಿಲ್ಲುವ ಮೊದಲೇ ಆರುತ್ತದೆ. ಮೈ ಒದ್ದೆಯಾಗಿಲ್ಲ, ಆದ್ದರಿಂದ ನೀರು ಕಳೆದಿಲ್ಲ ಎಂದುಕೊಳ್ಳುವುದು ಸುಲಭ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರಿ ನೀರು ಸಾಲದು. ಕೋಡುಬಳೆ, ಚಕ್ಕುಲಿ, ಉಪ್ಪು ಹಾಕಿದ ಕಡಲೆಕಾಯಿ ಇಲ್ಲಿ ಬಾಯಿಚಪಲವೂ ಹೌದು, ಔಷಧಿಯೂ ಹೌದು. ಮೊಸರನ್ನ ಕಟ್ಟಿಕೊಂಡರೆ ಐಸ್ ಪೆಟ್ಟಿಗೆ ಕಡ್ಡಾಯ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ವೈದ್ಯರನ್ನು ಕೇಳಿಯೇ ಹೊರಡುವುದು ಒಳ್ಳೆಯದು.

ಫರ್ನೆಸ್ ಕ್ರೀಕ್ ಸುತ್ತಮುತ್ತ ಬಿಟ್ಟರೆ ಹೆಚ್ಚಿನ ಕಡೆ ಫೋನಿಗೆ ಸಿಗ್ನಲ್ ಇಲ್ಲ. ನಕ್ಷೆಯನ್ನು ಹಿಂದಿನ ರಾತ್ರಿಯೇ ಫೋನಿಗೆ ಇಳಿಸಿಕೊಳ್ಳಿ, ಸಂದರ್ಶಕರ ಕೇಂದ್ರದಲ್ಲಿ ಕಾಗದದ ನಕ್ಷೆಯನ್ನೂ ಪಡೆಯಿರಿ. ಹತ್ತಿರದ ದಾರಿ ಎಂದು ಜಿಪಿಎಸ್ ತೋರಿಸುವ ಗೆರೆ ಎಂದೋ ಕೈಬಿಟ್ಟ ಗಣಿ ರಸ್ತೆಯಾಗಿರಬಹುದು. ಅದನ್ನು ನಂಬಿ ಪ್ರಾಣ ಕಳೆದುಕೊಂಡವರಿದ್ದಾರೆ. ಕಾರು ಕೆಟ್ಟರೆ ಸಹಾಯ ಹುಡುಕಿ ನಡೆದುಹೋಗಬೇಡಿ: ಬಾನೆಟ್ ಎತ್ತಿಟ್ಟು ಕಾರಿನ ಹತ್ತಿರವೇ ಇರಿ. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಎಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಒಬ್ಬರಿಗಾದರೂ ಹೇಳಿಟ್ಟಿರಿ.

ತಡವಾದರೆ ಏನು ಬಿಡಬೇಕು

ಹೊರಡುವುದು ಒಂದು ಗಂಟೆ ತಡವಾಗುತ್ತದೆ, ಮಗುವಿಗೆ ವಾಂತಿಯಾಗುತ್ತದೆ, ಊಟಕ್ಕೆ ಸಾಲು ಇರುತ್ತದೆ. ಆಗ ಎಲ್ಲ ಜಾಗಕ್ಕೂ ಹತ್ತತ್ತು ನಿಮಿಷ ಹಂಚಿದರೆ ಯಾವುದನ್ನೂ ನೋಡಿದಂತಾಗುವುದಿಲ್ಲ, ಕತ್ತಲಲ್ಲಿ ಘಟ್ಟ ಇಳಿಯುವ ಅವಸರ ಬೇರೆ. ಬಿಡಬೇಕಾದದ್ದರ ಕ್ರಮವನ್ನು ಮನೆಯಲ್ಲೇ ನಿಗದಿ ಮಾಡಿ. ಒಂದು ಗಂಟೆ ತಡವಾದರೆ ರಯೊಲೈಟ್ ಬಿಡಿ. ಎರಡು ಗಂಟೆಯಾದರೆ ಆರ್ಟಿಸ್ಟ್ಸ್ ಡ್ರೈವ್ ಕೂಡ. ಮೂರು ಗಂಟೆಯಾದರೆ ಮರಳುದಿಬ್ಬ ಹಾಗೂ ಬೇಟಿಯ ಸುತ್ತನ್ನು ಪೂರ್ತಿ ಕೈಬಿಟ್ಟು, ಫರ್ನೆಸ್ ಕ್ರೀಕ್‌ನಿಂದ ಬಂದ ದಾರಿಯಲ್ಲೇ ಪರಂಪ್‌ಗೆ ತಿರುಗಿ. ಡಾಂಟೆಸ್ ವ್ಯೂ ಮತ್ತು ಬ್ಯಾಡ್‌ವಾಟರ್ ಇವೆರಡನ್ನೇ ನಿಧಾನವಾಗಿ ನೋಡಿದವರು ಈ ಕಣಿವೆಯ ಮೇಲು-ಕೆಳಗು ಎರಡನ್ನೂ ಕಂಡಂತೆ. ಒಂದು ದಿನಕ್ಕೆ ಅಷ್ಟು ಸಾಕು.