ಸತ್ಯ ಬರೆಯುವವರ ಕಷ್ಟ: ಶಿವಮೊಗ್ಗದ ಇಬ್ಬರು ಪತ್ರಕರ್ತರು

ಭದ್ರಾವತಿ ಎಂದಾಗ ನಮಗೆ ಕಬ್ಬಿಣದ ಕಾರ್ಖಾನೆಯ ಜೊತೆಗೆ ಕಾಗದದ ಕಾರ್ಖಾನೆಯೂ ನೆನಪಾಗುತ್ತದೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್, ಪತ್ರಿಕೆಗಳನ್ನು ಅಚ್ಚು ಹಾಕುವ ಕಾಗದವನ್ನೂ ತಯಾರಿಸುತ್ತಿತ್ತು. ಇದೇ ಜಿಲ್ಲೆ ಕನ್ನಡಕ್ಕೆ ಇಬ್ಬರು ದಿಟ್ಟ ಪತ್ರಕರ್ತರನ್ನೂ ಕೊಟ್ಟಿದೆ.

ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ 1935ರಲ್ಲಿ ಹುಟ್ಟಿದ ಪಿ. ಲಂಕೇಶ್ ಅವರು ಇಂಗ್ಲಿಷ್ ಅಧ್ಯಾಪಕರು, ಸಾಹಿತಿ, ಚಿತ್ರ ನಿರ್ದೇಶಕರು. 1980ರಲ್ಲಿ ಅವರು 'ಲಂಕೇಶ್ ಪತ್ರಿಕೆ' ಎಂಬ ವಾರಪತ್ರಿಕೆ ಆರಂಭಿಸಿದರು. ಅದರಲ್ಲಿ ಜಾಹೀರಾತು ಇರಲಿಲ್ಲ. ಜಾಹೀರಾತು ಕೊಡುವವರ ಹಂಗಿದ್ದರೆ ಅವರ ತಪ್ಪನ್ನು ಬರೆಯುವುದು ಕಷ್ಟ. ಆದ್ದರಿಂದ ಓದುಗರು ಕೊಡುವ ಹಣದಿಂದಲೇ ಪತ್ರಿಕೆ ನಡೆಯಿತು. ಅಂದಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಸರಕಾರವನ್ನು ಅದು ಕಟುವಾಗಿ ಟೀಕಿಸಿತು.

ಲಂಕೇಶ್ ಅವರು 2000ದಲ್ಲಿ ತೀರಿಕೊಂಡರು. 1962ರಲ್ಲಿ ಶಿವಮೊಗ್ಗದಲ್ಲಿ ಜನಿಸಿದ ಅವರ ಮಗಳು ಗೌರಿ ಲಂಕೇಶ್ ತಂದೆಯ ಕೆಲಸ ಮುಂದುವರಿಸಿ, 2005ರಲ್ಲಿ ತಮ್ಮದೇ ವಾರಪತ್ರಿಕೆ ಆರಂಭಿಸಿದರು. ರಾಜಕಾರಣಿಗಳ ಮೇಲೆ ವಂಚನೆಯ ಆರೋಪವಿದ್ದ 2008ರ ಒಂದು ವರದಿಗಾಗಿ, 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು. ಅವರು ಜಾಮೀನು ಪಡೆದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯೆದುರು ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಈ ಹತ್ಯೆಗೆ ಆ ವರದಿಯಲ್ಲ, ಅವರ ವಿಚಾರಗಳೇ ಕಾರಣವೆಂದು ವಿಶೇಷ ತನಿಖಾ ದಳ ಹೇಳಿತು.

ವರದಿ ಬರೆದವರಿಗೆ ಶಿಕ್ಷೆ ಹೇಗಾಗುತ್ತದೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಮಾನಹಾನಿ ಕ್ರಿಮಿನಲ್ ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿದ್ದ ಈ ಅಪರಾಧ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಎರಡು ವರ್ಷದವರೆಗೆ ಸಜೆಯಾಗಬಹುದು. ಬರೆದದ್ದು ನಿಜ ಎಂದರಷ್ಟೇ ಸಾಲದು. ಅದು ನಿಜವೆಂದೂ, ಸಾರ್ವಜನಿಕ ಹಿತಕ್ಕಾಗಿ ಪ್ರಕಟವಾಯಿತೆಂದೂ ಬರೆದವರೇ ತೋರಿಸಿಕೊಡಬೇಕು. ಲಂಚದ ವಿಷಯ ಊರಿಗೆಲ್ಲ ಗೊತ್ತಿದ್ದರೂ ಕೈಯಲ್ಲಿ ದಾಖಲೆಯಿಲ್ಲದಿದ್ದರೆ ಪತ್ರಕರ್ತ ಒಬ್ಬಂಟಿಯಾಗುತ್ತಾನೆ. ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದೇ ಒಂದು ಶಿಕ್ಷೆ.

ಇಲ್ಲಿ ನಮಗೂ ಕೆಲಸವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಯಾರೂ ಸರಕಾರಿ ಕಚೇರಿಯ ದಾಖಲೆ ಕೇಳಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು. ರಸ್ತೆಯ ಬಿಲ್ಲು, ಮನೆ ಮಂಜೂರಾದವರ ಪಟ್ಟಿ, ಪಿಂಚಣಿ ಅರ್ಜಿಯ ಗತಿ ಎಲ್ಲವನ್ನೂ ಹೀಗೆ ತಿಳಿಯಬಹುದು. ನಮ್ಮ ವಾರ್ಡುಗಳಲ್ಲಿ ಜನರ ಅರ್ಜಿ ತುಂಬಿಕೊಡುವ ಕಾರ್ಯಕರ್ತರು ಇದನ್ನೂ ಕಲಿಸಿಕೊಡಲಿ.

ಪತ್ರಿಕೆಯಲ್ಲಿ ಹಗರಣ ಓದಿ 'ಭೇಷ್' ಎನ್ನುವುದು ಸುಲಭ. ಬರೆದವರು ಕಷ್ಟಕ್ಕೆ ಸಿಕ್ಕಿದಾಗ, ನಮಗೆ ಗೊತ್ತಿದ್ದುದನ್ನು ಹೇಳಲು ನಾವು ಮುಂದೆ ಬರುತ್ತೇವೆಯೇ? ನಮ್ಮನ್ನು ನಾವೇ ಕೇಳಿಕೊಳ್ಳೋಣ.