ಏಳನೆಯ ದಿನವಿಲ್ಲದ ಸಾವು

ಮನೆಯಲ್ಲಿ ಒಬ್ಬರು ತೀರಿಕೊಂಡರೆ ಏನು ಮಾಡಬೇಕೆಂಬುದನ್ನು ನಮ್ಮ ಕುಟುಂಬಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇವಾಲಯದ ಗಂಟೆ ಬಾರಿಸುತ್ತದೆ, ನೆರೆಯವರು ಗಂಜಿ ಕಾಯಿಸಿ ತರುತ್ತಾರೆ, ಸಂಜೆ ಜಪಸರ ನಡೆಯುತ್ತದೆ. ಮಣ್ಣು ಮಾಡಿದ ಮೇಲೆ ಏಳನೆಯ ದಿನದ ಬಲಿಪೂಜೆ, ತಿಂಗಳ ಬಲಿಪೂಜೆ, ವರ್ಷದ ಬಲಿಪೂಜೆ ಎಂದು ದುಃಖವು ನಡೆದುಹೋಗಲು ಹಿರಿಯರು ದಾರಿಯೊಂದನ್ನು ಮಾಡಿಟ್ಟಿದ್ದಾರೆ. ಆದರೆ ಬೀದಿಯಿಂದ ಬಂದು ಹತ್ತು ವರ್ಷ ಹೊಸ್ತಿಲ ಬಳಿ ಮಲಗಿದ್ದ ನಾಯಿಯೊಂದು ಸತ್ತಾಗ ಆ ಮನೆಯವರು ಏನು ಮಾಡಬೇಕು? ಗುದ್ದಲಿ ಹಿಡಿದು ಹಿತ್ತಲಿಗೆ ಹೋಗುತ್ತಾರೆ, ಕೈಕಾಲು ತೊಳೆದುಕೊಂಡು ಒಳಗೆ ಬರುತ್ತಾರೆ, ಮರುದಿನ ಕೆಲಸಕ್ಕೆ ಹೊರಡುತ್ತಾರೆ. ವಿಚಾರಿಸಲು ಯಾರೂ ಬರುವುದಿಲ್ಲ. ವಿಚಾರಿಸಿದವರಿಗೆ ಹೇಳಲು ಇವರಿಗೂ ನಾಚಿಕೆ.

ಈ ವಿಷಯವನ್ನು ಕುರಿತು ಬರೆಯಲು ನಮಗೆ ವಿಶೇಷ ಅಧಿಕಾರವೇನೂ ಇಲ್ಲ. ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿರುವುದರಿಂದ ಬರೆಯುತ್ತಿದ್ದೇವೆ.

ಮೂರು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಗುರುನಿವಾಸದ ಕಚೇರಿಗೆ ಬಂದರು. ನಿವೃತ್ತ ಶಾಲಾ ಮೇಷ್ಟ್ರು, ಪತ್ನಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳು ದೂರದ ಊರುಗಳಲ್ಲಿ. ಕೈಯಲ್ಲಿ ಕಾಣಿಕೆಯ ಲಕೋಟೆ ಇತ್ತು. “ಕೆಂಪಿಗೋಸ್ಕರ ಒಂದು ಪೂಜೆ ಅರ್ಪಿಸಬೇಕು ಫಾದರ್” ಎಂದರು. ನಾವು ಪುಸ್ತಕ ತೆರೆದು, ಕೆಂಪಿ ಎಂದರೆ ಸಂಬಂಧಿಕರೇ ಎಂದು ಕೇಳಿದೆವು. “ನಮ್ಮ ನಾಯಿ. ಮೊನ್ನೆ ಹೋಯಿತು” ಎಂದರು. ಬಸ್ ನಿಲ್ದಾಣದ ಹಿಂದೆ ಸಿಕ್ಕಿದ್ದ ಮರಿಯನ್ನು ಅವರು ಹನ್ನೊಂದು ವರ್ಷ ಸಾಕಿದ್ದರೆಂಬುದು ನಮಗೆ ತಿಳಿದದ್ದು ಆಮೇಲೆ.

ನಾವು ಕೊಟ್ಟ ಉತ್ತರದಲ್ಲಿ ಶಾಸ್ತ್ರದ ದೋಷವಿರಲಿಲ್ಲ. ಮೃತರಿಗಾಗಿ ಬಲಿಪೂಜೆ ಅರ್ಪಿಸುವುದು ಅವರ ಪಾಪಕ್ಷಮೆಗಾಗಿ. ನಾಯಿಯು ಪಾಪ ಮಾಡಲಾರದು, ಆದ್ದರಿಂದ ಅದಕ್ಕೆ ಕ್ಷಮೆಯ ಅಗತ್ಯವೂ ಇಲ್ಲ ಎಂದೆವು. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಕಲಿತದ್ದನ್ನೂ ಎರಡು ವಾಕ್ಯಗಳಲ್ಲಿ ಸೇರಿಸಿದೆವು. ಮೇಷ್ಟ್ರು ತಲೆದೂಗಿ, “ತಪ್ಪು ತಿಳಿಯಬೇಡಿ ಫಾದರ್” ಎಂದು ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಹೋದರು. ಎರಡೇ ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಅವರಿಗೆ ಕುಳಿತುಕೊಳ್ಳಿ ಎಂದು ಸಹ ನಾವು ಹೇಳಿರಲಿಲ್ಲ. ಆ ಬಳಿಕವೂ ಅವರು ಭಾನುವಾರದ ಪೂಜೆ ತಪ್ಪಿಸಲಿಲ್ಲ. ಆದರೆ ಪೂಜೆಯಾದ ಮೇಲೆ ಅಂಗಳದಲ್ಲಿ ನಿಂತು ನಮ್ಮೊಡನೆ ಮಾತನಾಡುತ್ತಿದ್ದವರು ಕೊನೆಯ ಗೀತೆ ಮುಗಿಯುವ ಮೊದಲೇ ಹಿಂದಿನ ಬಾಗಿಲಿನಿಂದ ಹೊರಟುಹೋಗತೊಡಗಿದರು. ವಯಸ್ಸಾಯಿತು, ಮನೆಗೆ ಹೋಗುವ ಅವಸರವಿರಬೇಕು ಎಂದು ನಾವು ಸಮಾಧಾನ ಮಾಡಿಕೊಂಡೆವು.

ಅದೇ ವರ್ಷದ ಮಳೆಗಾಲದಲ್ಲಿ ದೇವಾಲಯದ ಮುಖಮಂಟಪಕ್ಕೆ ಕರಿಯ ಬಂದ. ಮೈಯೆಲ್ಲ ಕಜ್ಜಿ, ಒಂದು ಕಿವಿ ಹರಿದಿತ್ತು, ವಯಸ್ಸು ಎಷ್ಟೆಂದು ಹೇಳುವಂತಿರಲಿಲ್ಲ. ಅಡುಗೆಯವರು ಪೊರಕೆ ಹಿಡಿದು ಮೂರು ಸಲ ಓಡಿಸಿದರು. ನಾಲ್ಕನೆಯ ದಿನ ಅವರೇ ಅನ್ನ ಹಾಕುತ್ತಿದ್ದುದನ್ನು ಕಂಡೆವು. ಪಶುವೈದ್ಯರು ಕಜ್ಜಿಗೆ ಔಷಧ ಕೊಟ್ಟರು, ಹುಚ್ಚುನಾಯಿ ರೋಗದ ಲಸಿಕೆ ಹಾಕಿದರು. (ಬೀದಿನಾಯಿಗೆ ಅನ್ನ ಹಾಕುವವರು ಈ ಲಸಿಕೆಯನ್ನು ಹಾಕಿಸದಿದ್ದರೆ ಅದು ಅರ್ಧ ದಯೆಯಷ್ಟೇ.) ಬೆಳಗಿನ ಐದೂವರೆಯ ಗಂಟೆಗೆ ಅವನು ಕತ್ತೆತ್ತಿ ಊಳಿಡುತ್ತಿದ್ದ. ಕೆಲವರು ಅಪಶಕುನವೆಂದರು, ಮಕ್ಕಳು ಕರಿಯನೂ ಪ್ರಾರ್ಥನೆ ಮಾಡುತ್ತಾನೆ ಎಂದರು. ಗಂಟೆಯ ನಾದ ಅವನ ಕಿವಿಗೆ ಇನ್ನೊಂದು ನಾಯಿಯ ಕೂಗಿನಂತೆ ಕೇಳಿಸಿದ್ದಿರಬೇಕು ಎಂಬುದು ನಮ್ಮ ಊಹೆ.

ಕಳೆದ ಬೇಸಿಗೆಯಲ್ಲಿ ನಾವು ಧ್ಯಾನಕೂಟಕ್ಕೆಂದು ಮೂರು ದಿನ ಊರಿನಲ್ಲಿರಲಿಲ್ಲ. ಹಿಂದಿರುಗಿದಾಗ ಕರಿಯ ಎದ್ದು ಬರಲಿಲ್ಲ, ಬಾಲವನ್ನಷ್ಟೇ ಆಡಿಸಿದ. ಸೆಕೆಯ ದಿನಗಳಾದ್ದರಿಂದ ಊಟ ಬಿಟ್ಟಿರಬೇಕೆಂದು ಇನ್ನೆರಡು ದಿನ ಸುಮ್ಮನಿದ್ದೆವು. ಮೂಗಿನಿಂದ ರಕ್ತ ಬಂದ ಮೇಲೆ ವೈದ್ಯರನ್ನು ಕರೆಸಿದೆವು. ಅವರು ತುಟಿಯನ್ನು ಎತ್ತಿ ಒಸಡು ತೋರಿಸಿದರು, ಸುಣ್ಣದಂತೆ ಬಿಳಿಚಿತ್ತು. ಉಣುಗಿನಿಂದ ಹರಡುವ ಜ್ವರ. ಅದರ ಸೂಕ್ಷ್ಮಾಣು ರಕ್ತದ ಕಣಗಳನ್ನು ಸೇರಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ, ಬೇಗ ಗುರುತಿಸಿದರೆ ಮಾತ್ರೆಗಳಲ್ಲೇ ವಾಸಿಯಾಗುವುದುಂಟು ಎಂದು ವಿವರಿಸಿದರು. ಆ ಕೊನೆಯ ಮಾತನ್ನು ಅವರು ಹೇಳದಿದ್ದರೆ ಚೆನ್ನಾಗಿತ್ತು ಎಂದು ಆಗ ಅನ್ನಿಸಿತು. ಮರುದಿನ ನಸುಕಿನಲ್ಲಿ ಗಂಟೆ ಬಾರಿಸುವ ಮೊದಲೇ ಕರಿಯ ಸತ್ತ.

ಅದೇ ದಿನ ಹತ್ತು ಗಂಟೆಗೆ ನಾವು ಒಬ್ಬ ಮನುಷ್ಯನ ಅಂತ್ಯಸಂಸ್ಕಾರವನ್ನು ನಡೆಸಬೇಕಾಗಿತ್ತು. ನಡೆಸಿದೆವು, ಪ್ರಬೋಧನೆ ಮಾಡಿದೆವು, ಕಣ್ಣು ಒದ್ದೆಯಾಗಲಿಲ್ಲ. ಸಂಜೆ ಅಡುಗೆಮನೆಯ ಬಾಗಿಲಲ್ಲಿ ಬೋರಲು ಹಾಕಿದ್ದ ಅಲ್ಯೂಮಿನಿಯಂ ತಟ್ಟೆಯನ್ನು ಕಂಡಾಗ ತಡೆಯಲಾಗಲಿಲ್ಲ. ಇದನ್ನು ಬರೆಯಲು ನಮಗೆ ಸಂಕೋಚವಾಗುತ್ತಿದೆ. ಆ ಕುಟುಂಬದವರು ಇದನ್ನು ಓದಿದರೆ ನಮ್ಮನ್ನು ಕ್ಷಮಿಸಬೇಕು. ಆದರೆ ಇದು ಏಕೆ ಹೀಗೆ ಎಂದು ನಾವು ಹಲವು ರಾತ್ರಿ ಯೋಚಿಸಿದ್ದೇವೆ. ನಾಯಿಯು ನಮ್ಮ ಆಲೋಚನೆಗಳಲ್ಲಿ ವಾಸಿಸುವುದಿಲ್ಲ, ನಮ್ಮ ದಿನಚರಿಯಲ್ಲಿ ವಾಸಿಸುತ್ತದೆ. ಬೆಳಗಿನ ಗಂಟೆ, ಗೇಟಿನ ಸದ್ದು, ಊಟದ ಕೊನೆಯ ತುತ್ತು, ರಾತ್ರಿ ಚಿಲಕ ಹಾಕುವ ಗಳಿಗೆ, ಇವೆಲ್ಲವೂ ಅದಕ್ಕೆ ಸೇರಿದ್ದವು. ಆದ್ದರಿಂದಲೇ ಆ ದುಃಖವು ಒಮ್ಮೆಲೇ ಬರದೆ ಹೊತ್ತುಹೊತ್ತಿಗೆ ಬರುತ್ತದೆ. ಅಡುಗೆಯವರು ಒಂದು ವಾರ ಅಭ್ಯಾಸಬಲದಿಂದ ಒಂದು ಹಿಡಿ ಅಕ್ಕಿಯನ್ನು ಹೆಚ್ಚಾಗಿಯೇ ಹಾಕುತ್ತಿದ್ದರು.

ಗುರುಮಠದಲ್ಲಿ ನಾವು ಓದಿದ್ದು ಏನು? ಅರಿಸ್ಟಾಟಲನ ದಾರಿಯಲ್ಲಿ ನಡೆದ ಸಂತ ಥಾಮಸ್ ಅಕ್ವಿನಾಸರು ಸಸ್ಯಕ್ಕೊಂದು, ಪ್ರಾಣಿಗೊಂದು, ಮನುಷ್ಯನಿಗೊಂದು ಎಂದು ಆತ್ಮದ ಮೂರು ಬಗೆಗಳನ್ನು ಹೇಳುತ್ತಾರೆ. ಪ್ರಾಣಿಯ ಆತ್ಮವು ದೇಹದೊಡನೆ ಅಳಿಯುತ್ತದೆ, ವಿಚಾರಶಕ್ತಿಯುಳ್ಳ ಮಾನವಾತ್ಮ ಮಾತ್ರ ಉಳಿಯುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದಿದ್ದೆವು. ಹದಿನೇಳನೆಯ ಶತಮಾನದ ಡೆಕಾರ್ಟನಂತೆ ಪ್ರಾಣಿಯನ್ನು ಯಂತ್ರವೆಂದು ಅಕ್ವಿನಾಸರು ಎಣಿಸಲಿಲ್ಲ. ಅದು ನೋವು ನಲಿವುಗಳನ್ನು ಅರಿಯುತ್ತದೆಂದು ಒಪ್ಪಿದರು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ವಿಶ್ವಪತ್ರದ ಕೊನೆಯ ಭಾಗದಲ್ಲಿ, ನಿತ್ಯಜೀವದಲ್ಲಿ ಸೃಷ್ಟಿಯ ಪ್ರತಿಯೊಂದು ಜೀವಿಯೂ ರೂಪಾಂತರ ಹೊಂದಿ ತನ್ನ ಸ್ಥಾನವನ್ನು ಪಡೆಯುವುದೆಂಬ ಆಶಯವನ್ನು ವ್ಯಕ್ತಪಡಿಸಿದರು. ಕರಿಯನು ನಮಗೆ ಪರಲೋಕದಲ್ಲಿ ಸಿಗುತ್ತಾನೆಂದು ಧರ್ಮಸಭೆ ಬೋಧಿಸಿಲ್ಲ, ನಾವೂ ಬೋಧಿಸುವುದಿಲ್ಲ. ಸೃಷ್ಟಿಸಿದವನು ತನ್ನ ಸೃಷ್ಟಿಯನ್ನು ಮರೆಯುವವನಲ್ಲ ಎಂಬಷ್ಟನ್ನು ನಂಬಿದ್ದೇವೆ.

ಪವಿತ್ರಗ್ರಂಥದಲ್ಲಿ ನಾಯಿಗೆ ದೊಡ್ಡ ಗೌರವವಿಲ್ಲ ಎಂಬುದು ನಿಜ. ಆದರೂ ತೋಬಿತನ ಗ್ರಂಥದಲ್ಲಿ ಯುವಕ ತೋಬಿಯಾಸನು ದೇವದೂತ ರಫಾಯೇಲನೊಡನೆ ಪ್ರಯಾಣ ಹೊರಟಾಗ ಹಿಂದೆ ಒಂದು ನಾಯಿ ನಡೆಯುತ್ತದೆ. ಅದಕ್ಕೆ ಹೆಸರಿಲ್ಲ, ಕೆಲಸವಿಲ್ಲ, ಕಥೆಗೆ ಅದು ಬೇಕಾಗಿಯೂ ಇಲ್ಲ. ಕೊನೆಯಲ್ಲಿ ಅವರು ಮನೆಗೆ ಮರಳುವಾಗ ಅದೂ ಜೊತೆಗಿದೆ. ಸಂತ ಜೆರೋಮರ ಲತೀನ್ ಅನುವಾದದಲ್ಲಂತೂ ಅದು ಮುಂದೋಡಿ ಬಂದು ಬಾಲವಾಡಿಸಿ ಸಂತೋಷಪಡುತ್ತದೆ.

ನಮ್ಮ ನಾಡಿನ ಹಿರಿಯರು ಈ ವಿಷಯದಲ್ಲಿ ನಮಗಿಂತ ಧೈರ್ಯವಂತರು. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲನ್ನು ಓದುಗರಲ್ಲಿ ಕೆಲವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಿರಬಹುದು. ಕ್ರಿ.ಶ. 950ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು, ಮೆಚ್ಚಿದ್ದನ್ನು ಬೇಡಿಕೊಳ್ಳೆಂದು ಒಡೆಯನು ಹೇಳಿದಾಗ, ಕಾಳಿ ಎಂಬ ನಾಯಿಯನ್ನು ಬೇಡಿದನಂತೆ. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಒಟ್ಟಿಗೆ ಸತ್ತವು. ಮಣಲೇರನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟನು. ಯುದ್ಧವೀರನಿಗೆ ತನ್ನ ನಾಯಿಗಾಗಿ ದುಃಖಿಸಲು ನಾಚಿಕೆಯಾಗಲಿಲ್ಲ!

ಇಷ್ಟೊಂದು ಜನ ಹಸಿದಿರುವಾಗ ನಾಯಿಗಾಗಿ ಅಳುವುದೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಪ್ರಾಣಿಗಳನ್ನು ಪ್ರೀತಿಸಬಹುದೆಂದು ಹೇಳಿ, ಮನುಷ್ಯರಿಗೇ ಸಲ್ಲಬೇಕಾದ ಪ್ರೀತಿಯನ್ನು ಅವುಗಳಿಗೆ ಕೊಡಬಾರದೆಂದು ಎಚ್ಚರಿಸುತ್ತದೆ. ನಾಯಿಗೆ ಹಾಲು, ಕೆಲಸದಾಕೆಗೆ ಹಳಸಿದ ಅನ್ನ ಎಂಬಂತಹ ಮನೆಗಳನ್ನೂ ನಾವು ಕಂಡಿದ್ದೇವೆ. ಆದರೆ ಪ್ರೀತಿಯು ನ್ಯಾಯಬೆಲೆ ಅಂಗಡಿಯ ಸಕ್ಕರೆಯಲ್ಲ, ಒಬ್ಬರಿಗೆ ಅಳೆದು ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗಲು. ಕೆಂಪಿಯನ್ನು ಸಾಕಿದ ಮೇಷ್ಟ್ರು ಅದೇ ವರ್ಷಗಳಲ್ಲಿ ಬೀದಿಯ ಮಕ್ಕಳಿಗೆ ಸಂಜೆ ಪುಕ್ಕಟೆ ಪಾಠ ಹೇಳುತ್ತಿದ್ದರು.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ನಾಯಿ ಓಡಿಹೋಯಿತು ಎಂದು ಸುಳ್ಳು ಹೇಳಬೇಡಿ. ಮಗು ಗೇಟಿನ ಬಳಿ ಕಾಯುತ್ತಲೇ ಇರುತ್ತದೆ. ಮಣ್ಣು ಮಾಡುವಾಗ ಜೊತೆಗಿರಲಿ, ಹೂವು ಹಾಕಲಿ. ಮರುವಾರವೇ ಹೊಸ ಮರಿ ತರುವ ಅವಸರವೂ ಬೇಡ. ನಮಗೂ ನಾಲ್ವರು ಮರಿ ತಂದುಕೊಡುವುದಾಗಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಕರಿಯ ಸತ್ತ ಹತ್ತನೆಯ ದಿನ ನಾವು ಮೇಷ್ಟ್ರ ಮನೆಗೆ ಹೋದೆವು. ಜಗಲಿಯಲ್ಲಿ ಅವರೇ ಕುರ್ಚಿ ಹಾಕಿ, “ಕೂತುಕೊಳ್ಳಿ ಫಾದರ್” ಎಂದರು. ಅಂದಿನ ನಮ್ಮ ವರ್ತನೆಗಾಗಿ ಕ್ಷಮೆ ಕೇಳಿದೆವು. ಪೂಜೆಯನ್ನು ಕೆಂಪಿಯ ಆತ್ಮಶಾಂತಿಗಾಗಿ ಅರ್ಪಿಸಲಾಗದು, ಆದರೆ ಹನ್ನೊಂದು ವರ್ಷ ಅದನ್ನು ತಮ್ಮ ಜೊತೆಗೆ ಕೊಟ್ಟ ದೇವರಿಗೆ ಕೃತಜ್ಞತೆಯಾಗಿ ತಮ್ಮ ಹೆಸರಿನಲ್ಲಿ ಅರ್ಪಿಸಬಹುದಾಗಿತ್ತು, ಅದನ್ನು ಅಂದೇ ಹೇಳಬೇಕಾಗಿತ್ತು ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೆಂಪಿಯ ವಿಷಯ ಹೇಳತೊಡಗಿದರು: ಬಿಸ್ಕತ್ತಿಗಿಂತ ರಾಗಿ ಮುದ್ದೆಯನ್ನೇ ಇಷ್ಟಪಡುತ್ತಿದ್ದುದು, ಪಟಾಕಿಗೆ ಹೆದರಿ ಮಂಚದ ಕೆಳಗೆ ಸೇರುತ್ತಿದ್ದುದು, ಕೊನೆಯ ರಾತ್ರಿ ಅವರ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿದ್ದುದು. ಕಾಫಿ ಆರಿಹೋಯಿತು.

ಹೊತ್ತು ಮುಳುಗುವಾಗ ಮೇಷ್ಟ್ರು ನಮ್ಮ ಕಡೆ ತಿರುಗಿ, “ನಿಮ್ಮ ಕರಿಯ ಚರ್ಚಿಗೆ ಬಂದದ್ದು ಹೇಗೆ ಫಾದರ್?” ಎಂದು ಕೇಳಿದರು. ನಾವು ಆ ಮಳೆಯ ದಿನದಿಂದ ಹೇಳಲು ಆರಂಭಿಸಿದೆವು.